ಘಾಟಿಯಲ್ಲಿ ನಿಂತ ಟ್ರೈಲರಿಗೆ ಯಾಕೆ ಬೈತೀರಿ?

ಶಿರಾಡಿ ಘಾಟಿಯಲ್ಲಿ ಉದ್ದನೆಯ ಟ್ರೈಲರ್ ಒಂದು ತಿರುವಿನಲ್ಲಿ ಸಿಕ್ಕಿಹಾಕಿಕೊಂಡರೆ ಸಾಕು, ಹಿಂದಿನ ಬಸ್ಸುಗಳಿಂದ ಡ್ರೈವರಿಗೆ ಬೈಗುಳ ಶುರು. ನನಗಂತೂ ಇದು ಸರಿ ಕಾಣೋದಿಲ್ಲ.

ಪಣಂಬೂರಿನ ಬಂದರಿನಲ್ಲಿ ಇಳಿದ ಯಂತ್ರ ಬೆಂಗಳೂರಿಗೆ ಬರಬೇಕಾದರೆ ಘಟ್ಟ ಹತ್ತಲೇಬೇಕು. ಕೂಲಿಂಗ್ ಟವರನ್ನಾದರೆ ಬಿಡಿಭಾಗಗಳಾಗಿ ತಂದು ಜಾಗದಲ್ಲೇ ಜೋಡಿಸಬಹುದು. ದೊಡ್ಡ ಚಿಲ್ಲರ್ ಅಷ್ಟು ಸುಲಭವಲ್ಲ. ಅದನ್ನು ಕಾರ್ಖಾನೆಯಲ್ಲೇ ಜೋಡಿಸಿ, ಗ್ಯಾಸ್ ಸೋರುತ್ತಿಲ್ಲವೆಂದು ಪರೀಕ್ಷಿಸಿ ಕಳಿಸಿರುತ್ತಾರೆ. ಬಿಚ್ಚಿದರೆ ಪರೀಕ್ಷೆ ಮತ್ತೆ ಮೊದಲಿಂದ. ಅದಕ್ಕೇ ಇಡಿಯಾಗಿ ಬರುತ್ತದೆ.

ಕಂಟೇನರಿನ ಅಗಲ 2.44 ಮೀಟರ್. ನಮ್ಮ ಕಾನೂನಿನಲ್ಲಿ ಲಾರಿಯ ಅಗಲ 2.6 ಮೀಟರ್ ದಾಟುವಂತಿಲ್ಲ, ದಾಟಿದರೆ ವಿಶೇಷ ಅನುಮತಿ ಬೇಕು. ಅನುಮತಿ ಕಾಗದದಲ್ಲಿ ಸಿಗುತ್ತೆ, ತಿರುವಿನಲ್ಲಿ ಜಾಗ ಸಿಗೋಲ್ಲ! ಊರುಗಳೊಳಗೆ ಬಂದರೆ ಒಬ್ಬ ಹುಡುಗ ಯಂತ್ರದ ಮೇಲೆ ಹತ್ತಿ ಕೋಲಿನಿಂದ ಕರೆಂಟ್ ತಂತಿ ಎತ್ತಿ ಹಿಡೀತಾನೆ. ಅವನ ಜೀವಕ್ಕೆ ಬೆಲೆ ಇಲ್ವಾ?

ನಾನು ಹೇಳೋದು ಇಷ್ಟೇ. ಅನುಮತಿ ಕೊಡುವ ಮೊದಲು ದಾರಿ ಅಳೆಯಲಿ. ತಂತಿ ಇರುವಲ್ಲಿ ಲೈನ್‌ಮನ್ ಬಂದು ಕರೆಂಟ್ ತೆಗೆಯಲಿ. ಖರ್ಚು ಯಂತ್ರ ತರಿಸುವವರೇ ಕೊಡಲಿ. ಏಸಿಯಲ್ಲಿ ತಣ್ಣಗೆ ಕೂರೋರು ನಾವು, ಬೈಗುಳ ಮಾತ್ರ ಡ್ರೈವರಿಗೆ... ಯಾವ ನ್ಯಾಯ?

ನೀವೇನಂತೀರಿ?