ಕಾಡಿನಲ್ಲಿ ಬಿಡಾರ: ಮೊದಲ ದಿನದ ಒಂದು ಆಕ್ಷೇಪ



ಕಳೆದ ಫೆಬ್ರವರಿಯಲ್ಲಿ ಮಗ, ಸೊಸೆ, ಮೊಮ್ಮಗನೊಂದಿಗೆ ದಾಂಡೇಲಿಯ ಕಡೆಗೆ ನಾಲ್ಕು ದಿನಗಳ ಪ್ರವಾಸ ಹೋಗಿದ್ದೆ. ಡೇರೆ, ಮಡಚುವ ಕುರ್ಚಿ, ಗ್ಯಾಸ್ ಒಲೆ, ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ ಎಲ್ಲವೂ ಕಾರನ್ನೇರಿದ್ದವು. ಪ್ರವಾಸ ಹೇಗಾಯಿತೆಂದು ಹಲವರು ಕೇಳಿದ್ದೀರಿ. ಮೊದಲ ದಿನದ್ದನ್ನಷ್ಟೇ ಬರೆಯುತ್ತೇನೆ. ನನ್ನ ತಕರಾರೆಲ್ಲ ಆ ಒಂದು ದಿನದಲ್ಲೇ ಅಡಗಿದೆ.

ಮುಂಜಾನೆ ಐದಕ್ಕೆ ಹೊರಡುವುದೆಂದು ನಿಶ್ಚಯವಾಗಿತ್ತು. ಬಿಜೈಯ ಬಸ್ ನಿಲ್ದಾಣವನ್ನು ದಾಟುವಾಗಲೇ ಎಂಟೂವರೆ. ಉಡುಪಿಯಲ್ಲಿ ತಿಂಡಿ, ಹೊನ್ನಾವರದಲ್ಲಿ ಊಟ. ಅಂಕೋಲಾ ಸಮೀಪದ ಶಿರೂರಿನಲ್ಲಿ, 2024ರ ಜುಲೈ 16ರಂದು ಗುಡ್ಡ ಕುಸಿದು ಜೀವಗಳನ್ನು ನುಂಗಿದ ಸ್ಥಳವನ್ನು ಎಲ್ಲರೂ ಮೌನವಾಗಿ ದಾಟಿದೆವು. ಆ ಮೌನ ಎರಡು ಕಿಲೋಮೀಟರ್ ಕೂಡ ಬಾಳಲಿಲ್ಲ. ಅರಬೈಲು ಘಟ್ಟವೇರಿ ಯಲ್ಲಾಪುರ ತಲುಪುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಅಲ್ಲೇ ತಂಗೋಣವೆಂದೆ. ಮುಂಗಡ ಹಣ ಕೊಟ್ಟಾಗಿದೆಯೆಂದು ಮಗ ಹೇಳಿದ. ನಾನು ಸುಮ್ಮನಾದೆ. ಆ ಸುಮ್ಮನಿರುವಿಕೆ ನನ್ನ ತಪ್ಪು.

ಮುಂದೆ ಕಾಡಿನ ರಸ್ತೆಯ ತಿರುವೊಂದರಲ್ಲಿ ಕಡವೆಯೊಂದು ದೀಪದ ಬೆಳಕಿಗೆ ಕಣ್ಣುಕುಕ್ಕಿ ನಡುರಸ್ತೆಯಲ್ಲೇ ನಿಂತುಬಿಟ್ಟಿತ್ತು. ಮಗ ಬ್ರೇಕ್ ಒತ್ತಿದ. ನಾಲ್ಕೈದು ಮಾರು ಉಳಿದಿತ್ತು. ಪ್ರಾಣಿ ತಪ್ಪಿಸಿಕೊಂಡಿತು, ನಾವೂ ತಪ್ಪಿಸಿಕೊಂಡೆವು. ಇದಕ್ಕೆ ದೈವವನ್ನು ವಂದಿಸುವ ಮೊದಲು ನಮ್ಮ ಮೂರೂವರೆ ಗಂಟೆಯ ಸೋಮಾರಿತನವನ್ನು ದೂಷಿಸಬೇಕು. ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧಿಸಿದಾಗ ಎಷ್ಟು ಗಲಾಟೆಯಾಯಿತು! ಅಂದು ನಾನೂ ಅದನ್ನು ಅತಿರೇಕವೆಂದಿದ್ದೆ. ಆ ಮಾತನ್ನು ಇಂದು ಹಿಂತೆಗೆದುಕೊಳ್ಳುತ್ತಿದ್ದೇನೆ. ನಿಷೇಧವಿಲ್ಲದ ಕಾಡುದಾರಿಯಲ್ಲಿಯೂ ಕತ್ತಲಾದ ಬಳಿಕ ವಾಹನ ಓಡಿಸಬಾರದೆಂಬುದು ನನ್ನ ಮೊದಲ ವಾದ.

ಎರಡನೆಯದು ಬಿಡಾರದ ಕುರಿತು. ನಾವು ಡೇರೆ ಹೂಡಿದಲ್ಲಿ ಹತ್ತಿಪ್ಪತ್ತು ಡೇರೆಗಳು, ಒಣಗಿದ ತರಗೆಲೆಗಳ ನಡುವೆ ಧಗಧಗಿಸುವ ಬೆಂಕಿ, ಆಳೆತ್ತರದ ಧ್ವನಿವರ್ಧಕ. ತೆರೆದ ಸ್ಥಳದಲ್ಲಿ ರಾತ್ರಿ 10ರ ಬಳಿಕ ಧ್ವನಿವರ್ಧಕ ಕೂಡದೆಂದು 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ಅಲ್ಲಿ ಹನ್ನೆರಡೂವರೆಯವರೆಗೆ ಕುಣಿತ ನಡೆಯಿತು. ದಾಂಡೇಲಿಯ ಸುತ್ತ ನಾಲ್ಕು ಜಾತಿಯ ಮಂಗಟ್ಟೆ ಹಕ್ಕಿಗಳಿವೆ; ಅವುಗಳಿಗಾಗಿಯೇ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೊಂದು ಘೋಷಣೆಯಾಗಿದೆ. ಗೂಡುಕಟ್ಟುವ ಕಾಲದಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು ಬಾಗಿಲು ಮುಚ್ಚಿಕೊಳ್ಳುತ್ತದೆ. ಗಂಡು ತಂದ ಹಣ್ಣೇ ತಾಯಿಮರಿಗಳ ಅನ್ನ. ಬಾಣಂತಿಯಿರುವ ಮನೆಯ ಮುಂದೆ ನಾವು ಹೀಗೆ ಡೋಲು ಬಡಿಯುತ್ತೇವೆಯೇ?

"ಸರ್, ಪ್ರವಾಸಿಗಳಿಂದಲೇ ಸ್ಥಳೀಯರ ಹೊಟ್ಟೆ ತುಂಬುವುದು" ಎಂದು ನಿಮ್ಮಲ್ಲೊಬ್ಬರು ಫೋನಿನಲ್ಲಿ ವಾದಿಸಿದಿರಿ. ವಾದ ಸುಳ್ಳಲ್ಲ, ಅಪೂರ್ಣ. ಕಾಳಿಗೆ ಅಡ್ಡಲಾಗಿ ಕಟ್ಟಿದ ಸೂಪಾ ಅಣೆಕಟ್ಟು 1987ರಲ್ಲಿ ಪೂರ್ಣವಾಯಿತು. ಮುಳುಗಡೆಯಾದ ಹಳ್ಳಿಗಳವರು ರಾಮನಗರಕ್ಕೆ ಎದ್ದು ಹೋದರು. ಬೆಳಕು ನಾಡಿಗೆಲ್ಲ ಹರಿಯಿತು. ಇಷ್ಟು ತೆತ್ತವರಿಗೆ ನಾವೀಗ ಕೊಡುತ್ತಿರುವುದೇನು? ತಟ್ಟೆ ತೊಳೆಯುವ, ಬಾಟಲಿ ಹೆಕ್ಕುವ ಕೆಲಸ. ಜೋಯಿಡಾದ ಕುಣಬಿಗಳು ಬೆಳೆಯುವ ಗೆಡ್ಡೆಗೆಣಸುಗಳ ವೈವಿಧ್ಯಕ್ಕೆ ಮೇಳವೇ ನಡೆಯುತ್ತದೆ. ನಮ್ಮ ಬಿಡಾರದ ಊಟದಲ್ಲಿ ಇದ್ದದ್ದು ಗೋಬಿ ಮಂಚೂರಿ. ಕಾಡುದಾರಿ ಬಲ್ಲವರಿಗೆ ಮಾರ್ಗದರ್ಶಕರ ಸಂಬಳ ಕೊಡಿ, ಅವರ ಮನೆಯ ಅಡುಗೆಯನ್ನು ಹಣ ತೆತ್ತು ಉಣ್ಣಿ. ಹೊಟ್ಟೆ ತುಂಬಲು ಧ್ವನಿವರ್ಧಕ ಬೇಕಿಲ್ಲ.

ದೂರುವಾಗ ನನ್ನನ್ನೂ ಬಿಡಲಾರೆ. "ಅರಣ್ಯವು ರಾಷ್ಟ್ರೀಯ ಸಂಪತ್ತು" ಎಂದು ವರ್ಷವರ್ಷವೂ ನಿಮಗೆ ಉಕ್ತಲೇಖನ ಬರೆಸಿದೆ. ಹಾಗೆಯೇ ಬರೆದವರಿಗೆ ಪೂರ್ಣ ಅಂಕ ಕೊಟ್ಟೆ. ಸಂಪತ್ತೆಂದರೆ ಖರ್ಚುಮಾಡುವುದೆಂದು ನೀವು ತಿಳಿದುಕೊಂಡಿದ್ದರೆ ಅದರಲ್ಲಿ ಗುರುವಿನ ಪಾಲೂ ಇದೆ. ಅದೇ ಜಿಲ್ಲೆಯಲ್ಲಿ 1983ರ ಸೆಪ್ಟೆಂಬರಿನಲ್ಲಿ ಸಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತು ಕೊಡಲಿಯನ್ನು ತಡೆದರು. ಆ ಅಪ್ಪಿಕೋ ಚಳವಳಿಯ ಸುದ್ದಿ ಓದಿಯೂ ಅದನ್ನು ತರಗತಿಗೆ ತರಲಿಲ್ಲ. ಪರೀಕ್ಷೆಗೆ ಬರುವುದಿಲ್ಲವೆಂಬುದೇ ಕಾರಣ.

ಈಗ ತಡವಾಗಿಯಾದರೂ ಪಾಠ ಮುಗಿಸುತ್ತೇನೆ. ಕಾಡಿಗೆ ಹೋಗಿ, ಮಕ್ಕಳನ್ನೂ ಕರೆದೊಯ್ಯಿರಿ. ಬೆಳಗಿನ ಜಾವವೇ ಹೊರಡಿ. ಕತ್ತಲಾಗುವ ಮೊದಲು, ಎಲ್ಲಿದ್ದೀರೋ ಅಲ್ಲೇ ತಂಗಿ. ಮುಂಗಡ ಹಣ ಹೋದರೆ ಹೋಗಲಿ. ಬೇಸಿಗೆಯಲ್ಲಿ ಬೆಂಕಿ ಹಾಕಬೇಡಿ. ಹಾಡು ಹಾಕುವ ಬಿಡಾರಕ್ಕೆ ಹಣ ಕೊಡಬೇಡಿ.

ಅಂದು ಸದ್ದು ನಿಂತ ಮೇಲೆ ಮೊಮ್ಮಗನಿಗೆ ಕಾಡಿನ ರಾತ್ರಿಯ ದನಿ ಕೇಳಿಸೋಣವೆಂದು ಡೇರೆಯೊಳಗೆ ಇಣುಕಿದೆ. ಕಿವಿಗೆ ಹತ್ತಿ ತುರುಕಿಕೊಂಡು ಆತ ಮಲಗಿಬಿಟ್ಟಿದ್ದ.

ಇತಿ,
ನಿಮ್ಮ ಮಾಸ್ಟ್ರು