ಕೋಳಿ ಸಾಕುವವನ ಪಾಲು ಎಷ್ಟು?

ಶ್ರಾವಣದಲ್ಲಿ ಇಳಿಯುವ ಕೋಳಿಮಾಂಸದ ಬೆಲೆ ಮದುವೆ, ಹಬ್ಬಗಳ ದಿನಗಳಲ್ಲಿ ಏರುತ್ತದೆ. ಅಂಗಡಿಯ ಫಲಕದಲ್ಲಿ ಬರೆದ ಅಂಕಿಯನ್ನು ನೋಡಿ ನಾವು ಗೊಣಗುತ್ತೇವೆ, ಚೌಕಾಸಿ ಮಾಡುತ್ತೇವೆ. ಆದರೆ ಸುಮಾರು 40 ದಿನ ಆ ಕೋಳಿಯನ್ನು ಸಾಕಿದವನ ಕೈಗೆ ಎಷ್ಟು ಸೇರಿತೆಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಏಳುವುದೇ ಇಲ್ಲ.

ಇಂದು ನಮ್ಮ ರಾಜ್ಯದ ಬ್ರಾಯ್ಲರ್ ಸಾಕಣೆಯ ಬಹುಪಾಲು ಗುತ್ತಿಗೆ ಪದ್ಧತಿಯಲ್ಲಿ ನಡೆಯುತ್ತಿದೆ. ಕಂಪೆನಿಯು ಮರಿ, ಆಹಾರ ಹಾಗೂ ಔಷಧಿಯನ್ನು ಒದಗಿಸುತ್ತದೆ. ಶೆಡ್ಡು, ನೀರು, ವಿದ್ಯುತ್ತು, ನೆಲಕ್ಕೆ ಹಾಸುವ ಹೊಟ್ಟು, ಹಗಲಿರುಳಿನ ದುಡಿಮೆ ರೈತನದು. ಕೊನೆಗೆ ಆತನಿಗೆ ಸಿಗುವುದು ಕಿಲೋಗೆ ಇಂತಿಷ್ಟು ಎಂಬ ಸಾಕಣೆ ಕೂಲಿ ಮಾತ್ರ. ಮರಿ ದುರ್ಬಲವಾಗಿದ್ದರೂ, ಆಹಾರದ ಗುಣಮಟ್ಟ ಕುಸಿದಿದ್ದರೂ ತೂಕ ಕಡಿಮೆಯಾದರೆ ಕಡಿತವಾಗುವುದು ಆತನ ಕೂಲಿಯೇ. ತನ್ನದೇ ಜಮೀನಿನಲ್ಲಿ ಆತ ಕೂಲಿಯಾಳಾಗಿದ್ದಾನೆ ಎಂದರೆ ತಪ್ಪಾಗಲಾರದು.

ಈ ಪದ್ಧತಿಯಲ್ಲಿ ಮಾರುಕಟ್ಟೆಯ ನಷ್ಟವನ್ನು ಕಂಪೆನಿ ಹೊರುತ್ತದೆಂಬುದು ನಿಜ. ಸ್ವಂತ ಬಂಡವಾಳದಿಂದ ಸಾಕುವವನಿಗೆ ಆ ಆಸರೆಯೂ ಇಲ್ಲ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ದೇಶದಾದ್ಯಂತ ಬೆಲೆ ನೆಲಕಚ್ಚಿತು. 2020ರಲ್ಲಂತೂ ಕೋಳಿಯಿಂದ ಕೊರೋನಾ ಹರಡುತ್ತದೆಂಬ ಬುಡವಿಲ್ಲದ ವದಂತಿಯೇ ಸಾಕಾಯಿತು. ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಸಾವಿರಾರು ಕೋಳಿಗಳನ್ನು ಜೀವಂತವಾಗಿ ಹೂಳಲಾಯಿತು. ಮೊಬೈಲಿನಲ್ಲಿ ಆ ವದಂತಿಯನ್ನು ಮುಂದಕ್ಕೆ ಕಳುಹಿಸಿದವರಲ್ಲಿ ನಾವೂ ಇರಲಿಲ್ಲವೇ? ಇತ್ತ ಗುತ್ತಿಗೆ ರೈತನ ಸ್ಥಿತಿಯೂ ಉತ್ತಮವಲ್ಲ. ಬೇಡಿಕೆ ಕುಸಿದಾಗ ಕಂಪೆನಿ ಮರಿ ಇಳಿಸುವುದನ್ನು ಮುಂದೂಡಿದರೆ ಶೆಡ್ಡು ಬರಿದಾಗುತ್ತದೆ, ಆದರೆ ಅದನ್ನು ಕಟ್ಟಲು ತಂದ ಸಾಲದ ಬಡ್ಡಿ ನಿಲ್ಲುವುದಿಲ್ಲ.

ಹಾಗಾದರೆ ಬೇರೆ ದಾರಿಯಿಲ್ಲವೇ? ಮಧ್ಯಪ್ರದೇಶದ ಕೇಸ್ಲಾ ಎಂಬ ಆದಿವಾಸಿ ಪ್ರದೇಶದ ಮಹಿಳೆಯರನ್ನು ನೋಡಬೇಕು. 'ಪ್ರದಾನ್' ಸಂಸ್ಥೆಯ ನೆರವಿನಿಂದ ಮನೆಯ ಪಕ್ಕದಲ್ಲೇ ಕೆಲವು ನೂರು ಕೋಳಿಗಳ ಸಣ್ಣ ಶೆಡ್ಡುಗಳನ್ನು ಕಟ್ಟಿಕೊಂಡ ಅವರು 2001ರಲ್ಲಿ ಸಹಕಾರ ಸಂಘವನ್ನು ನೋಂದಾಯಿಸಿದರು. 2006ರಲ್ಲಿ ಇಂತಹ ಸಂಘಗಳು ಸೇರಿ ರಾಜ್ಯಮಟ್ಟದ ಮಹಿಳಾ ಉತ್ಪಾದಕರ ಕಂಪೆನಿಯಾಯಿತು. ಅಲ್ಲಿಯೂ ಮರಿ, ಆಹಾರ, ಔಷಧಿ, ಮಾರಾಟ ಎಲ್ಲವೂ ಸಂಘದ್ದೇ. ವ್ಯತ್ಯಾಸವೆಂದರೆ ಸಂಘವೇ ಅವರದು. ಸಾಕಿದವಳಿಗೆ ದೊರೆಯುವ ಹಣ ಆ ದಿನದ ಪೇಟೆಯ ಬೆಲೆಯನ್ನಲ್ಲ, ಆಕೆ ಎಷ್ಟು ಆಹಾರದಲ್ಲಿ ಎಷ್ಟು ತೂಕ ಬರಿಸಿದಳೆಂಬುದನ್ನು ಅವಲಂಬಿಸಿದೆ. ಪೇಟೆಯ ಏರಿಳಿತವನ್ನು ಸಂಘ ತಾಳಿಕೊಳ್ಳುತ್ತದೆ. ಲಾಭ ಬಂದರೆ ಅದು ಸದಸ್ಯೆಯರದೇ. ನೆರೆಯ ಕೇರಳದಲ್ಲೂ ಕುಟುಂಬಶ್ರೀ ಮಹಿಳೆಯರು 'ಕೇರಳ ಚಿಕನ್' ಹೆಸರಿನಲ್ಲಿ ಸಾಕಣೆಯ ಜೊತೆಗೆ ತಮ್ಮದೇ ಮಾರಾಟ ಮಳಿಗೆಗಳನ್ನೂ ನಡೆಸುತ್ತಿದ್ದಾರೆ.

ಹಾಲಿನ ಸಹಕಾರದಲ್ಲಿ ದೇಶಕ್ಕೇ ಮಾದರಿಯಾದ ಕರ್ನಾಟಕಕ್ಕೆ ಇದು ಅಸಾಧ್ಯವೇ? ಸಹಕಾರಿ ಸಕ್ಕರೆ ಕಾರ್ಖಾನೆಗಳನ್ನು ರಾಜಕಾರಣಿಗಳು ಏನು ಮಾಡಿದರೆಂದು ಹೇಳಿ ಕೈಚೆಲ್ಲುವವರಿದ್ದಾರೆ. ಆ ಭಯ ನಿರಾಧಾರವೇನಲ್ಲ. ಆದರೆ ಕೋಳಿಯ ಖರ್ಚಿನಲ್ಲಿ ಮೂರನೇ ಎರಡು ಪಾಲಿನಷ್ಟು ಆಹಾರದ್ದು. ಅದರ ಮುಖ್ಯ ಅಂಶವಾದ ಮೆಕ್ಕೆಜೋಳವನ್ನು ದಾವಣಗೆರೆ, ಹಾವೇರಿಯ ರೈತರೇ ಬೆಳೆಯುತ್ತಾರೆ. ಇನ್ನು ಮಾರಾಟದ ಕೊನೆಯ ಕೊಂಡಿ ನಮ್ಮವರ ಕೈಯಲ್ಲೇ ಇದೆ. ಪಟ್ಟಣಗಳ ಕೋಳಿ ಅಂಗಡಿಗಳಲ್ಲಿ ಅನೇಕವನ್ನು ಮುಸ್ಲಿಮರೇ ನಡೆಸುತ್ತಾರೆ. ಒಂದು ತಾಲೂಕಿನ ಹತ್ತು ಅಂಗಡಿಗಳವರು ಸುತ್ತಲಿನ ಹಳ್ಳಿಗಳ ಇಪ್ಪತ್ತು ರೈತರೊಂದಿಗೆ, ಅವರು ಯಾವ ಜಾತಿ ಧರ್ಮದವರೇ ಆಗಿರಲಿ, ಕುಳಿತು ವರ್ಷಕ್ಕೊಂದು ದರವನ್ನು ಒಪ್ಪಿಕೊಂಡರೆ ಸಂಘದ ಮೊದಲ ಸಭೆ ಅಲ್ಲಿಗೇ ಆದಂತೆ. ಶುಕ್ರವಾರದ ಜುಮಾ ಮುಗಿದ ಮೇಲೆ ಅಂಗಡಿಯವರೆಲ್ಲ ಮಸೀದಿಯ ಅಂಗಳದಲ್ಲಿ ಹೇಗೂ ಸಿಗುತ್ತಾರೆ. ಈ ಮಾತನ್ನು ಅಲ್ಲೇ ಎತ್ತಬಹುದು.