ಮಗಳ ತಟ್ಟೆಯಲ್ಲಿ ಏನಿದೆ?

ಏಪ್ರಿಲ್ ರಜೆ ಬಂತೆಂದರೆ ನಮ್ಮ ಬೀದಿಯ ಮನೆಮನೆಯಲ್ಲೂ ಶಿಬಿರದ ಮಾತು. ಒಬ್ಬರ ಮಗ ಈಜು ಕಲಿಯಲು ಹೊರಡುತ್ತಾನೆ, ಇನ್ನೊಬ್ಬರ ಮಗಳು ಚಿತ್ರಕಲೆಗೆ. ಆದರೆ ಈ ಸಲ ಎಲ್ಲರೂ ಹುಬ್ಬೇರಿಸುವಂತೆ ಮಾಡಿದವಳು ಪಕ್ಕದ ಮನೆಯ ಹುಡುಗಿ. ಮೊದಲ ವರ್ಷದ ಪಿಯುಸಿ ಮುಗಿಸಿದವಳು ನೇರವಾಗಿ ಕ್ರೀಡಾಂಗಣಕ್ಕೆ ಹೋಗಿ ಭಾರ ಎತ್ತುವ ತರಬೇತಿಗೆ ಹೆಸರು ಕೊಟ್ಟು ಬಂದಳು.

ಹತ್ತು ದಿನ ಕಳೆದ ಮೇಲೆ ಅವಳ ತಾಯಿ ನಮ್ಮ ಮನೆಗೆ ಬಂದರು. ಕೈಯಲ್ಲೊಂದು ಚೀಟಿ.

"ನೋಡಿ ಅಕ್ಕ, ಈ ಪುಡಿ ಬೇಕೇ ಬೇಕಂತೆ. ಒಂದು ಡಬ್ಬಿಗೆ ಮೂರು ಸಾವಿರ ರೂಪಾಯಿ! ಅದನ್ನ ಕುಡಿದು ಭಾರ ಎತ್ತಿದ್ರೆ ಗಂಡು ಹುಡುಗರ ಹಾಗೆ ತೋಳು ಬರುತ್ತೆ ಅಂತಾರೆ. ನನಗಂತೂ ಭಯ ಆಗಿದೆ."

"ಡಬ್ಬಿ ಮಾತು ಆಮೇಲೆ. ನಿನ್ನೆ ಅವಳು ಏನೇನು ತಿಂದಳು, ಹೇಳಿ" ಎಂದೆ.

ಅವರು ಒಂದೊಂದಾಗಿ ಹೇಳಿದರು. ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೆಗೆ ಒಂದು ಲೋಟ ಕಾಫಿ. ತರಬೇತಿ ಮುಗಿಸಿ ಬಂದು ಎರಡು ಇಡ್ಲಿ, ಚಟ್ನಿ. ಮಧ್ಯಾಹ್ನ ಅನ್ನ, ತಿಳಿಸಾರು, ಹಪ್ಪಳ. ಸಂಜೆ ಬನ್ನು, ಕಾಫಿ. ರಾತ್ರಿ ಮತ್ತೆ ಅನ್ನ, ಮಜ್ಜಿಗೆ.

"ಮನೆಗೆ ಮೊಟ್ಟೆ ತರೋದಿಲ್ವ?"

"ತರ್ತೀವಿ ಅಕ್ಕ. ಅದು ಅವಳ ತಮ್ಮನಿಗೆ. ಬೆಳೆಯೋ ಹುಡುಗ ನೋಡಿ..." ಎಂದವರು ಅಲ್ಲಿಗೇ ಸುಮ್ಮನಾದರು. ನಾನೂ ಸುಮ್ಮನಿದ್ದೆ.

ಭಾರ ಎತ್ತಿದರೆ ಗಂಡಸಿನ ಮೈ ಬರುತ್ತದೆಯೆ?

ಮೊದಲು ಈ ಭಯವನ್ನು ಬಿಡಿಸಿಕೊಳ್ಳೋಣ. ಹರೆಯದಲ್ಲಿ ಗಂಡು ಮಕ್ಕಳ ಸ್ನಾಯುಗಳು ದಪ್ಪಗಾಗಲು ಮುಖ್ಯ ಕಾರಣ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನು. ಹೆಣ್ಣು ಮಕ್ಕಳಲ್ಲೂ ಅದು ಇರುತ್ತದೆ, ಆದರೆ ಪ್ರಮಾಣ ತೀರಾ ಕಡಿಮೆ. ಹಾಗಾಗಿ ವ್ಯಾಯಾಮದಿಂದ ಹುಡುಗಿಗೆ ಬರುವುದು ಬಲ ಮತ್ತು ಗಟ್ಟಿ ಮೂಳೆ. ಪೈಲ್ವಾನರ ತೋಳು ಸುಮ್ಮನೆ ಬಂದುಬಿಡುವುದಿಲ್ಲ. ತಿಳಿದವರ ಮೇಲ್ವಿಚಾರಣೆಯಲ್ಲಿ ಸರಿಯಾಗಿ ಕಲಿತರೆ ಎತ್ತರ ಕುಗ್ಗುತ್ತದೆಂಬ ಹೆದರಿಕೆಯೂ ಬೇಡ.

2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಒಟ್ಟು 240 ಕಿಲೋ ಎತ್ತಿ ಕಂಚು ಗೆದ್ದ ಕರ್ಣಂ ಮಲ್ಲೇಶ್ವರಿ, ಒಲಿಂಪಿಕ್ ಪದಕ ಪಡೆದ ಭಾರತದ ಮೊದಲ ಮಹಿಳೆ. 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ ಬೆಳ್ಳಿ ಗೆದ್ದ ಮೀರಾಬಾಯಿ ಚಾನು ಸ್ಪರ್ಧಿಸಿದ್ದು 49 ಕಿಲೋ ವಿಭಾಗದಲ್ಲಿ. ಆಕೆ ಒಂದೇ ಬಾರಿಗೆ ತಲೆಯ ಮೇಲೆತ್ತಿದ್ದು 115 ಕಿಲೋ. ತನ್ನ ತೂಕದ ಎರಡರಷ್ಟಕ್ಕೂ ಹೆಚ್ಚು! ಬಲ ಇರುವುದು ಮೈಯ ಗಾತ್ರದಲ್ಲಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಎಷ್ಟು ಬೇಕು?

ವ್ಯಾಯಾಮ ಸ್ನಾಯುವಿಗೆ 'ಬೆಳೆ' ಎಂದು ಹೇಳುತ್ತದೆ ಅಷ್ಟೆ. ಬೆಳೆಯಲು ಬೇಕಾದ ಸಾಮಗ್ರಿ ಬರುವುದು ಅಡುಗೆಮನೆಯಿಂದ. ಅದೇ ಪ್ರೋಟೀನು, ನಾವು ಶಾಲೆಯಲ್ಲಿ ಓದಿದ ಸಸಾರಜನಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿರುವಂತೆ ವಯಸ್ಕರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಬೇಕು. ಸ್ನಾಯು ಬೆಳೆಸಲು ದಿನವೂ ಬೆವರು ಸುರಿಸುವವರಿಗೆ ಕಿಲೋಗೆ 1.2ರಿಂದ 1.6 ಗ್ರಾಂ ಇಟ್ಟುಕೊಳ್ಳಬಹುದು. ಎಂದರೆ 50 ಕಿಲೋ ತೂಗುವ ನಮ್ಮ ಹುಡುಗಿಗೆ 60ರಿಂದ 80 ಗ್ರಾಂ.

ಇದು ನಮ್ಮ ಊಟದಲ್ಲೇ ಸಿಗುತ್ತದೆಯೆ? ಕಾಗದ, ಪೆನ್ನು ಹಿಡಿದು ಇಬ್ಬರೂ ಕೂಡಿಸಿದೆವು.

ಬೆಳಗಿನ ತಿಂಡಿಯ ಜೊತೆ ಎರಡು ಮೊಟ್ಟೆ, 12 ಗ್ರಾಂ. ಒಂದು ಲೋಟ ಹಾಲು, 6. ಮಧ್ಯಾಹ್ನ 100 ಗ್ರಾಂ ರಾಗಿ ಹಿಟ್ಟಿನ ಮುದ್ದೆ, 7. ಅದಕ್ಕೆ 40 ಗ್ರಾಂ ಹುರುಳಿಕಾಳು ಹಾಕಿದ ಸಾರು, 9. ಒಂದು ಬಟ್ಟಲು ಮೊಸರು, 5. ಸಂಜೆ ಬನ್ನಿನ ಬದಲು ಒಂದು ಹಿಡಿ ಕಡಲೆಕಾಯಿ ಬೀಜ, 7, ಒಂದು ಹಿಡಿ ಹುರಿಗಡಲೆ, 6. ರಾತ್ರಿ ಮೂರು ಚಪಾತಿ, 10, ಗಟ್ಟಿ ತೊಗರಿಬೇಳೆ ತೊವ್ವೆ, 6. ಒಟ್ಟು 68 ಗ್ರಾಂ. ಇಡ್ಲಿ, ಅನ್ನ, ಪಲ್ಯಗಳಲ್ಲಿರುವುದು ಈ ಲೆಕ್ಕಕ್ಕೆ ಸೇರಿಲ್ಲ. ಮೊಟ್ಟೆ ಮುಟ್ಟದ ಮನೆಯವರು 25 ಗ್ರಾಂ ಸೋಯಾ ಚಂಕ್ಸ್‌ನ ಪಲ್ಯ ಮಾಡಿದರೆ ಅಷ್ಟೇ ಸಿಗುತ್ತದೆ. ಮಾಂಸ, ಮೀನು ತಿನ್ನುವವರಿಗಂತೂ ಇನ್ನೂ ಸುಲಭ.

ಒಂದು ಎಚ್ಚರ. ಇಡೀ ದಿನದ ಪ್ರೋಟೀನನ್ನು ರಾತ್ರಿ ಒಂದೇ ಊಟಕ್ಕೆ ತುಂಬಬೇಡಿ. ಮೂರು ಹೊತ್ತಿನ ಊಟಕ್ಕೂ ಸಂಜೆಯ ತಿಂಡಿಗೂ ಹಂಚಿಕೊಡಿ. ಅನ್ನ, ಮುದ್ದೆ, ಚಪಾತಿ ಬಿಟ್ಟು ಬರೀ ಪ್ರೋಟೀನು ತಿನ್ನುವುದೂ ಸಲ್ಲದು. ದುಡಿಯುವ ಶಕ್ತಿ ಬರುವುದು ಧಾನ್ಯಗಳಿಂದ. ಅದು ಸಾಲದಾದಾಗ ದೇಹ ಪ್ರೋಟೀನನ್ನೇ ಉರಿಸಲು ತೊಡಗುತ್ತದೆ. ಒಲೆಗೆ ಸೌದೆ ಇಲ್ಲವೆಂದು ಮನೆಯ ಜಂತಿ ಕಿತ್ತು ಉರಿಸಿದ ಹಾಗೆ.

ರಕ್ತದ ಮಾತು

ಹೆಣ್ಣು ಮಕ್ಕಳ ಊಟದಲ್ಲಿ ಪ್ರೋಟೀನಿನಷ್ಟೇ ಮುಖ್ಯವಾದದ್ದು ಕಬ್ಬಿಣಾಂಶ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣು ಮಕ್ಕಳಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆ. ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಬೇಕಾದರೆ, ತಿಂಗಳ ಮುಟ್ಟಿನಲ್ಲಿ ರಕ್ತ ಕಳೆದುಕೊಳ್ಳುವ ಹೆಂಗಸಿಗೆ ಬೇಕಾದದ್ದು 29. ಹೆಚ್ಚು ಬೇಕಾದವಳಿಗೇ ಕಡಿಮೆ ಬಡಿಸುವ ಪದ್ಧತಿ ನಮ್ಮದು!

ರಕ್ತ ಕಡಿಮೆಯಿದ್ದರೆ ಸ್ನಾಯುಗಳಿಗೆ ಆಮ್ಲಜನಕ ಸಾಲದು. ಹುಡುಗಿ ಬೇಗ ಏದುಸಿರು ಬಿಡುತ್ತಾಳೆ, ಪುಸ್ತಕ ಹಿಡಿದರೆ ತೂಕಡಿಸುತ್ತಾಳೆ. ನಾವು ಸೋಮಾರಿ ಎನ್ನುತ್ತೇವೆ. ಸೊಪ್ಪು, ಕಾಳುಗಳನ್ನು ದಿನವೂ ಕೊಡಿ. ಮೇಲೆ ನಿಂಬೆರಸ ಹಿಂಡಿ ಅಥವಾ ಜೊತೆಗೊಂದು ಸೀಬೆಹಣ್ಣು ಕೊಡಿ. ಅದರ ಸಿ ಜೀವಸತ್ವ ಕಬ್ಬಿಣವನ್ನು ಮೈಗೆ ಹಿಡಿಸುತ್ತದೆ. ಕಾಫಿ, ಚಹಾ ಅದಕ್ಕೆ ಅಡ್ಡಿ. ಊಟಕ್ಕೂ ಅವಕ್ಕೂ ಒಂದು ಗಂಟೆಯಾದರೂ ಅಂತರವಿರಲಿ. ಅನುಮಾನವಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಮಾತ್ರೆ ವೈದ್ಯರು ಹೇಳಿದಷ್ಟೇ ಕೊಡಿ.

ವಿದ್ಯಾರ್ಥಿನಿಯರಿಗೂ ಒಂದು ಮಾತು. ತೆಳ್ಳಗಾಗಬೇಕೆಂದು ಊಟ ಬಿಟ್ಟು ವ್ಯಾಯಾಮ ಮಾಡಬೇಡಿ. ಮುಟ್ಟು ಕ್ರಮ ತಪ್ಪಿದರೆ ಅಥವಾ ನಿಂತರೆ ಅದನ್ನು ಮುಚ್ಚಿಡಬೇಡಿ. ದುಡಿತಕ್ಕೆ ತಕ್ಕ ಊಟ ಸಿಗುತ್ತಿಲ್ಲವೆಂಬ ದೂರು ಅದಾಗಿರಬಹುದು. ಹಾಗೇ ಬಿಟ್ಟರೆ ಮೂಳೆ ಸವೆಯುತ್ತದೆ. ಅಮ್ಮನಿಗೆ ಹೇಳಿ, ವೈದ್ಯರಲ್ಲಿಗೆ ಹೋಗಿ.

ಇನ್ನು ಡಬ್ಬಿ

ಆ ಪುಡಿ ವಿಷವೂ ಅಲ್ಲ, ಅಮೃತವೂ ಅಲ್ಲ. ಹೆಚ್ಚಿನವು ಹಾಲು ಒಡೆದಾಗ ಉಳಿಯುವ ತಿಳಿನೀರಿನಿಂದ ತೆಗೆದ ಪ್ರೋಟೀನು. ಊಟದಲ್ಲಿ ಕೊರತೆ ತುಂಬಲಾಗದಿದ್ದರೆ ತಿಳಿದವರ ಸಲಹೆ ಪಡೆದು ಬಳಸಬಹುದು. ಆದರೆ ಎರಡು ಇಡ್ಲಿ, ತಿಳಿಸಾರಿನ ಊಟವನ್ನು ಹಾಗೇ ಇಟ್ಟುಕೊಂಡು ಡಬ್ಬಿ ತಂದರೆ ಪ್ರಯೋಜನವಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನು ಹೆಚ್ಚಿಸಲೇಬಾರದು.

ಜೂನ್ ತಿಂಗಳಲ್ಲಿ ಕಾಲೇಜು ಶುರುವಾದ ಮೇಲೆ ಆ ತಾಯಿ ಮತ್ತೆ ಸಿಕ್ಕಿದರು. ಡಬ್ಬಿ ತರಲಿಲ್ಲವಂತೆ. ಮೊಟ್ಟೆ ಈಗ ಇಬ್ಬರು ಮಕ್ಕಳಿಗೂ ಇದೆ. ಮಗಳೇ ರಾತ್ರಿ ಕಾಳು ನೆನೆಹಾಕಿ ಮಲಗುತ್ತಾಳೆ. "ಮೊದಲಿನ ಹಾಗೆ ಸುಸ್ತು ಅನ್ನೋದಿಲ್ಲ ಅಕ್ಕ" ಎಂದು ನಕ್ಕರು.

"ಮತ್ತೆ ನೀವು ಏನು ತಿಂತೀರಿ?" ಎಂದು ಕೇಳಿದೆ.

"ನನ್ನದೇನು ಬಿಡಿ, ಎಲ್ಲರದ್ದೂ ಆದ ಮೇಲೆ ಮಿಕ್ಕಿದ್ದು..."

ವಯಸ್ಸು ಮೂವತ್ತು ದಾಟಿದ ಮೇಲೆ ಸ್ನಾಯು ಸ್ವಲ್ಪ ಸ್ವಲ್ಪವಾಗಿ ಕರಗತೊಡಗುತ್ತದೆ. ಮಗಳಿಗೆ ಹೇಳಿದ್ದೆಲ್ಲ ಅಮ್ಮನಿಗೂ ಅನ್ವಯಿಸುತ್ತದೆ. ಮಕ್ಕಳೇ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರ ತಟ್ಟೆಯಲ್ಲಿ ಏನಿದೆ ಎಂದು ಒಮ್ಮೆ ನೋಡಿ.